ಭಾವನ ಬಂದರಿನ ಹೋಟೆಲು

ಕಳೆದ ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಇಂದಿರಾನಗರದ ಒಂದು ಕಣ್ಣಾಸ್ಪತ್ರೆ. ಹಾಜರಿದ್ದವರು: ನಾನು, ಅಕ್ಕ, ಭಾವ, ಮತ್ತು ಯಾರೂ ಕರೆಯದೆ ಬಂದಿದ್ದ ಒಂದು ಹೋಟೆಲು!

ಹೋಟೆಲು ಭಾವನದಲ್ಲ. ಆದರೆ ಅದರ ಮಾಲೀಕನಿಗೂ ಇಷ್ಟು ಜಂಬ ಇರಲಾರದು. ಮದುವೆಯಾದ ಹೊಸತರಲ್ಲಿ ಅಕ್ಕನ ಜೊತೆ ಪಶ್ಚಿಮ ಕರಾವಳಿಗೆ ಹೋಗಿದ್ದಾಗ, ಬಂದರಿನೆದುರು ಬ್ರಿಟಿಷರ ಕಾಲದ ಆ ಕಟ್ಟಡವನ್ನು ರಸ್ತೆಯಲ್ಲಿ ನಿಂತು ನೋಡಿದರಂತೆ. ಬಾಗಿಲು ಕಾಯುವವನು ಅದರ ಚರಿತ್ರೆ ಹೇಳಿದನಂತೆ. ಒಳಗೆ ಹೋಗಿ ಒಂದು ಲೋಟ ನೀರು ಕುಡಿದವರಲ್ಲ! ಅಂದಿನಿಂದ ಹೋದಲ್ಲೆಲ್ಲ ಅದೇ ಕಥೆ, ನಮಗೆ ಬಿಡುಗಡೆಯಿಲ್ಲ.

ನಾನು ಡ್ರಿಲ್ ಮೇಷ್ಟ್ರಾಗಿದ್ದವನು, ಲೆಕ್ಕ ತಪ್ಪುವುದಿಲ್ಲ. ಮೊದಲು ಮೂರು ಅಂತಸ್ತಿದ್ದ ಹೋಟೆಲು ಭಾವನ ಬಾಯಲ್ಲಿ ಈಗ ಆರಕ್ಕೇರಿದೆ. ಪಾಲಿಕೆಯ ಅನುಮತಿ ಬೇಡವೇ?

ಒಮ್ಮೆ ಶಿವಾಜಿನಗರದಲ್ಲಿ ಪರದೆ ಬಟ್ಟೆ ಕೊಳ್ಳಲು ಹೋದೆವು. ಹೋಟೆಲಿನಲ್ಲಿ ವೈಸ್‌ರಾಯ್ ತಂಗಿದ್ದ ಕೋಣೆಯ ಮಖಮಲ್ಲು ಪರದೆಯಿಂದ ಭಾವ ಶುರು ಮಾಡಿದರು. ಅಂಗಡಿಯವರು ಕೈ ಮುಗಿದರು: "ಸಾಬ್, ವೈಸ್‌ರಾಯ್ ಹೋದ್ರು. ನಿಮ್ಮ ಕಿಟಕಿ ಅಳತೆ ಹೇಳಿ!"

ಕಮ್ಮನಹಳ್ಳಿಯಲ್ಲಿ ಸಾವಿನ ಮನೆಗೆ ಹೋದಾಗಲೂ ಅಷ್ಟೇ. ಹೋಟೆಲಿನ ನೃತ್ಯಶಾಲೆಯ ನೆಲಕ್ಕೆ ಯಾವ ಮರ ಹಾಕಿದ್ದರೆಂದು ವಿವರಿಸಿದರು. ಅಳುತ್ತಿದ್ದವರು ಅಳು ನಿಲ್ಲಿಸಿದರು, ಅದು ನಿಜ.

ಆದರೆ ಮಂಗಳವಾರ ತಮಾಷೆಯ ದಿನವಲ್ಲ. ಅಕ್ಕನ ಎಡಗಣ್ಣಿನ ನೋಟ ಹೋಗಿ ಬಹಳ ಕಾಲವಾಗಿದೆ. ಆವತ್ತು ಬಲಗಣ್ಣಿನ ಪೊರೆ ಆಪರೇಷನ್. ಅದೂ ಕೆಟ್ಟರೆ ಕತ್ತಲೆ.

"ಭಾವ, ಇವತ್ತು ಹೋಟೆಲು ಬಂದ್!" ಎಂದೆ.

"ಆಯ್ತಯ್ಯಾ ಮೇಷ್ಟ್ರೇ," ಎಂದು ಸುಮ್ಮನೆ ಕುಳಿತರು. ನನ್ನ ಜೀವಮಾನದ ಅತಿ ದೊಡ್ಡ ಗೆಲುವು!

ನರ್ಸ್ ಗಾಲಿಕುರ್ಚಿ ತಂದಳು. ಅದರಲ್ಲಿ ಕುಳಿತ ಅಕ್ಕ ಭಾವನ ಕಡೆ ತಿರುಗಿದಳು.

"ರೀ, ಶುರು ಮಾಡಿ."

"ಏನನ್ನೇ?"

"ಅದೇ, ಹೋಟ್ಲು."

ಭಾವ ಗಂಟಲು ಸರಿಮಾಡಿಕೊಂಡರು. "ಹೋಟ್ಲು ಕಟ್ಟೋಕೆ ಮೊದ್ಲು... ಹಡಗಲ್ಲಿ ಲಿಫ್ಟ್ ಬಂತು..."

"ಅಲ್ಲ ರೀ. ಮೊದ್ಲು ಬಂದಿದ್ದು ಕಬ್ಬಿಣದ ಕಂಬ. ಆಮೇಲೆ ಗಾಜಿನ ದೀಪ. ಲಿಫ್ಟು ಕೊನೇಗೆ. ಹೇಳಿ ಮುಂದಕ್ಕೆ."

ಭಾವ ಕುರ್ಚಿಯ ಪಕ್ಕ ಬಗ್ಗಿ ಕೈ ಚಾಚಿದರು. ಅಕ್ಕನೇ ಹೇಳತೊಡಗಿದಳು, ಅವರ ಕೈ ಹಿಡಿದುಕೊಂಡು, ಒಂದು ಕಂಬವನ್ನೂ ಬಿಡದೆ. ಇಷ್ಟು ವರ್ಷ ಅವಳು ಕೇಳಿಸಿಕೊಳ್ಳುತ್ತಲೇ ಇಲ್ಲ ಎಂದುಕೊಂಡಿದ್ದೆ. ನರ್ಸ್ ಮೆಲ್ಲನೆ ಕೈ ಬಿಡಿಸಿ ಕುರ್ಚಿ ತಳ್ಳಿದಳು. ಬಾಗಿಲು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. ಭಾವ ಬಾಗಿಲಿಗೆ ಕಿವಿಯಿಟ್ಟು ನಿಂತರು.

ಆಪರೇಷನ್ ಚೆನ್ನಾಗಿ ಆಯಿತು ಎಂದರು ಡಾಕ್ಟರು.

ಸಂಜೆ ಹಲಸೂರಿನ ಅವರ ಮನೆಯಲ್ಲಿ ಅಕ್ಕನಿಗೆ ಗಂಜಿ ಕುಡಿಸಿ ಮಾತ್ರೆ ಕೊಟ್ಟೆ. ಭಾವ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮೊಸರನ್ನ ಕಲಸಿಕೊಟ್ಟು, ಅವರು ಮುಗಿಸುವವರೆಗೂ ಎದುರು ಕುಳಿತಿದ್ದೆ. ಆಮೇಲೆ ತಟ್ಟೆ ತೊಳೆದು ಬೋರಲು ಹಾಕಿದೆ.