ಕಪ್ಲಿಂಗು ಮತ್ತು ಮಾಮಿಯ ಬೆನ್ನು

ಅಥವಾ ನಾವು ಬೋಟು ಹತ್ತಿದ ಆ ದಿನ, ನನ್ನ ನೆನಪಿನಲ್ಲಿರುವ ಗಾಳಿ ಕೆರೆಯ ಮೇಲೆ ಇರಲೇ ಇಲ್ಲವೇನೋ; ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಒಂದು ಮಾತ್ರ ಖಾತ್ರಿ: ಈಜು ಬಾರದ, ಸಮುದ್ರ ಕಾಣದ, ರಾಯಾಪುರದ ನನ್ನ ಸೋದರಮಾವ ಬಂದರಿನ ಎಂಜಿನಿಯರುಗಳಿಗೂ ಬೋಟಿನ ಪಾಠ ಹೇಳಬಲ್ಲರು. ಅವರು ಕೇಳದಿದ್ದರೂ.

ಶುರುವಾದದ್ದು ಮಾಮಿಯಿಂದ. ಬೆನ್ನಿನ ಆಪರೇಷನ್ ಆದ ಮೇಲೆ ರಿಕ್ಷಾ ತುಸು ಕುಲುಕಿದರೂ ಅವರ ಕಣ್ಣಲ್ಲಿ ನೀರು. ಎರಡು ವರ್ಷ ಮನೆಯೊಳಗೇ ಕೂತವರು, ಒಂದು ಸಂಜೆ, ಕೆರೆಯಲ್ಲಿ ಬೋಟಿನಲ್ಲಿ ಒಂದು ಸುತ್ತು ಹಾಕಬೇಕು ಎಂದರು. ಮಾಮಾ ಹೋಗಿ ನೋಡಿದರೆ ಬೋಟು ಹಿಟ್ಟಿನ ಗಿರಣಿಯ ಹಾಗೆ ನಡುಗುತ್ತಿತ್ತು.

"ಬೋಟ ಅಂದಮ್ಯಾಲೆ ನಡಗೂದರಿ," ಎಂದ ಬೋಟಿನವ.

"ಬೋಟ ಅಲ್ಲೋ, ನಿನ್ನ ಕಪ್ಲಿಂಗ್ ನಡಗತೈತಿ."

ಕಪ್ಲಿಂಗು ಎಂದರೆ ಎಂಜಿನ್ನಿನ ಶಾಫ್ಟನ್ನೂ ನೀರೊಳಗಿನ ಪಂಖಾದ ಶಾಫ್ಟನ್ನೂ ಜೋಡಿಸುವ, ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಎರಡು ಉಕ್ಕಿನ ಬಿಲ್ಲೆಗಳು. ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಬೋಟು ನಡುಗುತ್ತದಂತೆ. ಇದನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕವಿಲ್ಲ. ಜೀವನವಿಡೀ ಲೇತಿನ ಮುಂದೆ ನಿಂತು ನಿವೃತ್ತರಾದ ಮಾಮಾ ಆ ಬಿಲ್ಲೆಗಳನ್ನು ಬಿಚ್ಚಿ ಮನೆಗೇ ತಂದರು. ಎರಡು ವಾರ ಅವು ಊಟದ ಟೇಬಲ್ಲಿನ ಮೇಲೆ, ರೊಟ್ಟಿಯ ಪಕ್ಕ, ಡೀಸೆಲ್ಲಿನಲ್ಲಿ ನೆನೆದವು.

ತಿಕ್ಕಿ, ಉಜ್ಜಿ ಮತ್ತೆ ಜೋಡಿಸಿದರು. ದಡದಲ್ಲಿ ಅಳತೆ ಸರಿ; ನೀರಿಗಿಳಿಸಿದರೆ ತಪ್ಪು. ನೀರಿನಲ್ಲಿ ಬೋಟಿನ ಮೈ ತುಸು ಬಾಗುತ್ತದೆ, ಜನ ಕೂತರೆ ಇನ್ನೂ ತುಸು. ಹಾಗಾಗಿ ಮಾಮಿ ಹತ್ತುವ ದಿನ ಎಷ್ಟು ಭಾರವಿರುತ್ತದೋ ಅಷ್ಟೇ ಭಾರ ಹೇರಿ ಅಳೆಯಬೇಕು. ಭಾರ ಎಂದರೆ ನಾವು. ಹೆಬ್ಬಳ್ಳಿಯ ನೆಂಟರೂ ಬಂದರು. ಮಾಮಾ ಎಲ್ಲರ ತೂಕ ಕೇಳಿ ಬರೆದುಕೊಂಡು, ಎರಡೂ ಬದಿಯ ಭಾರ ಸಮವಾಗುವಂತೆ ಸಾಲಾಗಿ ಕೂರಿಸಿದರು. ಮಾಮಿಯ ಜಾಗದಲ್ಲಿ ಅವರ ತೂಕದಷ್ಟೇ ಜೋಳದ ಚೀಲ. ಚೀಲದ ಕೆಳಗೆ ದಿಂಬು ಬೇರೆ. ನಮಗೆ ಯಾರಿಗೂ ದಿಂಬಿರಲಿಲ್ಲ.

ಮಾಮಾ ಎಂಜಿನ್ನಿನ ಬಳಿ ಬಗ್ಗಿ, ಕಾಗದದಷ್ಟು ತೆಳು ಉಕ್ಕಿನ ಪಟ್ಟಿಯನ್ನು ಬಿಲ್ಲೆಗಳ ಸಂದಿಗೆ ತೂರಿಸುತ್ತ ಕೂತರು. ಬಿಸಿಲು ಏರಿತು.

"ಮಾಮಾ, ಸೀನಲೇನ್ರಿ?" ಎಂದೆ.

"ಸೀನು. ಮತ್ತ ಮೊದಲಿಂದ ಅಳೀತೇನಿ."

ಮೂರನೇ ಸಲವೂ ಅಳತೆ ಕೂಡದಾಗ ಅವರು ನನ್ನ ಅಕ್ಕನ ಕಡೆ ತಿರುಗಿದರು. "ಅರವತ್ತು ಕೆ.ಜಿ. ಅಂದಿದ್ದೆಲ್ಲ ನೀನು?"

"ಹೌದ್ರಿ."

"ಬೋಟ ಒಪ್ಪವಲ್ದು. ಖರೇ ಹೇಳು."

ಅಕ್ಕ ಎಪ್ಪತ್ನಾಲ್ಕು ಎಂದಳು. ಎಪ್ಪತ್ತೆರಡು ಎಂದೆ ಎಂದು ಈಗ ವಾದಿಸುತ್ತಾಳೆ. ಇರಬಹುದು. ಒಂದು ತಿಂಗಳು ಮಾಮಾನೊಡನೆ ಮಾತು ಬಿಟ್ಟದ್ದಂತೂ ನಿಜ.

ಅಂತೂ ಅಳತೆ ಕೂಡಿತು; ಕೊನೆಗೊಂದು ದಿನ ಮಾಮಿ ಬಂದರು, ನನ್ನ ಪಕ್ಕ ಕೂತರು. ಎಂಜಿನ್ ಶುರುವಾಯಿತು. ಮಾಮಾ ಕಪ್ಲಿಂಗನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಮಾಮಿಯ ಮುಖವನ್ನೇ ನೋಡುತ್ತಿದ್ದರು.

"ನಡಗತೈತೇನು?"

"ಎಲ್ಲೀದು ನಡಗೂದು. ನನ್ನ ಮಾರಿ ಏನ್ ನೋಡ್ತೀರಿ, ಕೆರಿ ನೋಡ್ರಿ."

ಅಷ್ಟು ಹೇಳಿ ಮಾಮಿ ನಕ್ಕರು. ಆದರೆ ನನ್ನ ಮೊಣಕೈ ಹಿಡಿದಿದ್ದ ಅವರ ಕೈ ಸುತ್ತು ಮುಗಿಯುವವರೆಗೂ ಸಡಿಲಾಗಲಿಲ್ಲ. ಅದು ನೋವೋ, ನೀರಿನ ಭಯವೋ, ಬರೀ ಖುಷಿಯೋ? ನನಗೆ ಗೊತ್ತಿಲ್ಲ. ಮಾಮಿಯನ್ನು ಕೇಳಲಿಲ್ಲ. ಮಾಮಾಗೆ ಹೇಳಲೂ ಇಲ್ಲ.