ತಂಗಮ್ಮನ ಮನೆಯ ನೀರು

ನನ್ನ ಸೊಸೆ ಸುಜಾತಾಳ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು "ಕೂತಿರ್ತಾಳೆ" ಎನ್ನುತ್ತಿದ್ದೆ. ಸುಳ್ಳಲ್ಲ. ಮೊದಲು ಕೋಳಿಕ್ಕೋಡಿನಲ್ಲಿ ಕೂತು, ಕಂಪ್ಯೂಟರ್ ಏನು ಮಾಡಬೇಕೆಂದು ಪ್ರೋಗ್ರಾಮ್ ಬರೆಯುತ್ತಿದ್ದಳು. ಆಮೇಲೆ ಯಂತ್ರ ಕೊಂಡವರು ಏನು ಮಾಡಬೇಕೆಂದು ಕೈಪಿಡಿ ಬರೆದಳು. ಈ ಗುಂಡಿ ಒತ್ತಿ, ಆ ಮುಚ್ಚಳ ತೆಗೆಯಬೇಡಿ ಅಂತ. ಈಗ ಕಾಟ್ಟಿಕುಳಂ ಹತ್ತಿರದ ನಮ್ಮ ಮನೆಯಲ್ಲೇ ಕೂತು, ವಯನಾಡಿಗೆ ಬರುವವರು ಏನು ನೋಡಬೇಕು, ಎಲ್ಲಿ ಉಳಿಯಬೇಕು ಎಂದು ಹೇಳುವ ವೆಬ್‌ಸೈಟ್ ನಡೆಸುತ್ತಾಳೆ. ಒಟ್ಟಿನಲ್ಲಿ ಕಂಡವರಿಗೆಲ್ಲ ಬುದ್ಧಿ ಹೇಳುವ ಕೆಲಸ. ಅದನ್ನು ನಾನು ಎರಡನೇ ಕ್ಲಾಸು ಓದಿಯೇ ಮಾಡಿಕೊಂಡು ಬಂದಿದ್ದೇನೆ, ಸಂಬಳವಿಲ್ಲದೆ!

ಒಂದು ದಿನ ಸುಜಾತಾ ಹಲ್ಲು ಕೀಳಿಸಲು ಮಾನಂದವಾಡಿಗೆ ಹೊರಟಳು. ವೆಬ್‌ಸೈಟಿನ ಫೋನು ಚಾರ್ಜಿಗೆ ಹಾಕಿತ್ತು.

"ಮೈಸೂರಿನ ಮೇಡಮ್ ಏನಾದ್ರೂ ಕೇಳಿದ್ರೆ ಸಾಯಂಕಾಲ ನಾನೇ ಹೇಳ್ತೀನಿ ಅತ್ತೆ. ನೀವು ಮುಟ್ಟೋಕೆ ಹೋಗ್ಬೇಡಿ."

ಆ ಮೇಡಮ್ಮು ರಜೆಗೆ ದೊಡ್ಡ ಗುಂಪು ಕಟ್ಟಿಕೊಂಡು ಬರುವವರಿದ್ದರು. ಗದ್ದೆಯಾಚೆಯ ತಂಗಮ್ಮನ ಮನೆಯಲ್ಲಿ ಅವರ ವಾಸ. ತಂಗಮ್ಮ ಅದಕ್ಕಾಗಿ ಸುಣ್ಣ ಬಳಿಸಿ, ಹೊಸ ಹಾಸಿಗೆ ತರಿಸಿ, ದಿನಕ್ಕೆರಡು ಸಲ ದಾರಿ ನೋಡುತ್ತಿದ್ದಳು. ಅವಳಿಗೆ ಅದೇ ಮೊದಲ ಬೋಣಿ.

ಸುಜಾತಾಳ ಬಸ್ಸು ಹೊರಟಿರಬೇಕು ಅಷ್ಟೆ, ಫೋನು ಕೂಗಿತು, ಮೈಸೂರಿನ ಮೇಡಮ್ಮೇ. ಗುಂಡಿ ಒತ್ತಿ ದನಿಯಲ್ಲೇ ಮಾತು ಕಳಿಸುವುದನ್ನು ಮೊಮ್ಮಕ್ಕಳು ನನಗೆ ಕಲಿಸಿಟ್ಟಿದ್ದರು. ಒತ್ತಿದೆ.

"ಅಲ್ಲಿ ಆನೆ ಕಾಣಿಸುತ್ತಾ?"

"ಕಾಣಿಸದೆ ಏನು? ಹೋದ ವಾರ ನಮ್ಮ ಬಾಳೆಯೆಲ್ಲ ತಿಂದು ಹೋಯ್ತು. ಓಡಿಸೋಕೆ ನಾವು ಪಟಾಕಿ ಹೊಡೀತೀವಿ, ನೋಡೋಕೆ ನೀವು ದುಡ್ಡು ಕೊಡ್ತೀರಾ?"

"ಮಳೆಯಲ್ಲಿ ತೋಟದೊಳಗೆ ನಡೆದಾಡಬಹುದಾ?"

"ಧಾರಾಳವಾಗಿ ನಡೀರಿ. ಜಿಗಣೆಗೂ ಹೊಟ್ಟೆ ಇದೆ."

"ರಾತ್ರಿ ಊಟ ಎಷ್ಟು ಹೊತ್ತಿಗೆ?"

"ರಾತ್ರಿ ಊಟವಾ? ಹೊತ್ತು ಮುಳುಗಿದ ಮೇಲೆ ತಿನ್ನೋದು ಯಾವ ಲಕ್ಷಣ?"

ನಾವು ಜೈನರು, ಬೆಳಕಿರುವಾಗಲೇ ಉಂಡು ಕೈ ತೊಳೆಯುವವರು. ಅವರು ಉಳಿಯುವುದು ತಂಗಮ್ಮನ ಮನೆಯಲ್ಲಿ, ಅವಳು ರಾತ್ರಿ ಒಂಬತ್ತಕ್ಕೆ ಮೀನು ಹುರಿಯುವವಳು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಕಡೆಯದಾಗಿ ಮೇಡಮ್ಮು, "ತಂಗಮ್ಮನವರ ಮನೆ ಹೇಗಿದೆ ಅಜ್ಜಿ?" ಎಂದರು.

"ಮನೆ ಚಿನ್ನದಂಥದ್ದು. ತಂಗಮ್ಮನೂ ಅಷ್ಟೇ. ನಾನು ಮಾತ್ರ ಅಲ್ಲಿ ಒಂದು ಹನಿ ನೀರೂ ಕುಡಿಯೋದಿಲ್ಲ!"

ಮೀನು ಬೇಯಿಸುವ ಮನೆಯಲ್ಲಿ ನನ್ನಂಥ ಹಳೆಯ ಕಾಲದವರು ನೀರು ಮುಟ್ಟುವುದಿಲ್ಲ. ನಾನು ಹೇಳಿದ್ದು ಅಷ್ಟೆ. ಫೋನು ಆಮೇಲೆ ಸದ್ದು ಮಾಡಲಿಲ್ಲ. ಮೇಡಮ್ಮಿಗೆ ತೃಪ್ತಿಯಾಯಿತೆಂದು ತಿಳಿದೆ.

ಸಾಯಂಕಾಲ ಸುಜಾತಾ ಬಂದಾಗ ಅವಳ ಅರ್ಧ ಬಾಯಿ ಮರಗಟ್ಟಿತ್ತು. ಫೋನು ನೋಡಿದಳು. ಉಳಿದರ್ಧವೂ ಮರಗಟ್ಟಿತು.

"ಅತ್ತೆ, ಅವರು ಬರೋದಿಲ್ವಂತೆ. ಬಾವಿ ನೀರು ಕೆಟ್ಟಿದೆಯಾ ಅಂತ ಕೇಳಿದ್ದಾರೆ."

ಅಷ್ಟಕ್ಕೇ ಸುಮ್ಮನಿರುವ ಜನ್ಮವೇ ನನ್ನದು? ಅವಳು ಮುಖ ತೊಳೆಯಲು ಹೋದಾಗ ಮತ್ತೆ ಫೋನು ಎತ್ತಿಕೊಂಡೆ. "ನೀರು ಅಮೃತ. ಊಟ ಕೇಳಿದ ಹೊತ್ತಿಗೆ. ಜಿಗಣೆ ಇಲ್ಲವೇ ಇಲ್ಲ. ಆನೆಯನ್ನು ದಿನಾ ಸಾಯಂಕಾಲ ಅಂಗಳಕ್ಕೇ ಕರೆಸ್ತೀನಿ, ಇದು ನನ್ನ ಮಾತು!" ಎಂದು ಒತ್ತಿದೆ. ಅದು ಮೈಸೂರಿಗೆ ಹೋಗಲಿಲ್ಲ. ಊರವರಿಗೆಲ್ಲ ಕಾಡಿನ ದಾರಿಯ ಸುದ್ದಿ ತಿಳಿಸುವ ವಾಟ್ಸಾಪ್ ಗುಂಪಿಗೆ ಹೋಯಿತು. ಆ ಗುಂಪಿನಲ್ಲಿ ಫಾರೆಸ್ಟ್ ಗಾರ್ಡೂ ಇದ್ದ.

ಬೆಳಗಾಗುತ್ತಲೇ ಆತ ಅಂಗಳದಲ್ಲಿ ನಿಂತಿದ್ದ. "ಅಮ್ಮೇ, ಆನ ನಿಂಗಳುಡೇದಾಣೋ?"

ಆನೆ ನಿಮ್ಮದೋ ಎಂದು ಕೇಳುತ್ತಾನೆ!

"ನನ್ನದಲ್ಲಪ್ಪ."

"ಹಾಗಾದ್ರೆ ಕರೆಯೋದೂ ಬೇಡ, ಕೇಟ್ಟೋ, ಕೇಳಿಸ್ತಾ" ಎಂದು ಹೇಳಿ ಹೋದ.

ಅವನ ಬೆನ್ನಿಗೇ ತಂಗಮ್ಮ ಬಂದಳು. ನನ್ನ ನೀರಿನ ಮಾತನ್ನು ಮೈಸೂರಿನವರು ನೇರ ಅವಳಿಗೇ ಕಳಿಸಿ ವಿಚಾರಿಸಿದ್ದರು. ಕೂರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನೀವು ನಮ್ಮಲ್ಲಿ ನೀರು ಕುಡಿಯಲ್ಲ ಅಂತ ನಂಗೆ ಗೊತ್ತಿಲ್ವಾ ಚೇಚಿ? ಅದಕ್ಕೇ ಅಲ್ವಾ ನೀವು ಬಂದಾಗೆಲ್ಲ ಎಳನೀರು ಕೆತ್ತಿಸಿ ಕೊಡ್ತಿದ್ದಿದ್ದು? ನಮ್ಮಿಬ್ಬರಲ್ಲೇ ಇರೋದನ್ನ ಮೈಸೂರಿಗೂ ಹೇಳಬೇಕಿತ್ತಾ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮದುವೆಯಾಗಿ ಬಂದಾಗಿನಿಂದ ಅವಳ ಎಳನೀರು ಕುಡಿದಿದ್ದೇನೆ. ಅವರಲ್ಲಿ ತೆಂಗು ಜಾಸ್ತಿ, ಅದಕ್ಕೇ ಕೊಡುತ್ತಾಳೆ ಎಂದುಕೊಂಡಿದ್ದೆ!

"ನಡಿ ತಂಗಮ್ಮ, ಈಗ ಕುಡೀತೀನಿ. ಸುಜಾತಾ, ಫೋನು ತಗೋ, ಮೈಸೂರಿನವರೂ ನೋಡಲಿ."

ತಂಗಮ್ಮ ತನ್ನ ಅಂಗಳದ ಬಾವಿಯಿಂದ ನೀರು ಸೇದಿ ಲೋಟಕ್ಕೆ ಹುಯ್ದಳು. ಸುಜಾತಾ ಫೋನು ಹಿಡಿದು, ಕೈಪಿಡಿ ಬರೆದವಳ ಗತ್ತಿನಲ್ಲಿ ಹೇಳಿದಳು: "ಅತ್ತೆ, ಲೋಟ ಎತ್ತಿ. ಕುಡಿಯಿರಿ. ಕೆಳಗಿಡಿ. ಮಾತಾಡಬೇಡಿ."

ಎತ್ತಿದೆ. ಕುಡಿದೆ. ಕೆಳಗಿಟ್ಟೆ. ಒಂದೇ ಉಸಿರಿಗೆ, ಪೂರ್ತಿ. ತಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.

"ನೀರು ಸಿಹಿಯಾಗಿದೆ," ಎಂದೆ. "ನಮ್ಮ ಬಾವಿಯಷ್ಟಿಲ್ಲ."

ಮೈಸೂರಿನವರು ಬರಲಿಲ್ಲ, ಬೇರೆಲ್ಲಿಗೋ ಹೋದರು. ತಂಗಮ್ಮನ ಹೊಸ ಹಾಸಿಗೆ ಇನ್ನೂ ಮಡಿಕೆಯಲ್ಲೇ ಇದೆ. ಅವಳ ಮನೆ ಮುಂದೆ ಹಾಯುವಾಗ ನಾನು ನೆಲ ನೋಡಿಕೊಂಡು ನಡೆಯುತ್ತೇನೆ. ವೆಬ್‌ಸೈಟಿಗೆ ಹಾಕಿದ ವಿಡಿಯೋದಲ್ಲಿ ಮಾತ್ರ ನಾನು ಈಗಲೂ ನೀರು ಕುಡಿಯುತ್ತಿದ್ದೇನೆ. ಲೋಟ ಕೆಳಗಿಟ್ಟ ಮೇಲೆ ಬಾಯಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ಸುಜಾತಾ ಅದೇನೋ ಒತ್ತಿ ನನ್ನ ದನಿ ತೆಗೆದುಬಿಟ್ಟಿದ್ದಾಳೆ.

ನಮ್ಮ ಮನೆಯಲ್ಲಿ ಯಾರಿಂದಲೂ ಆಗದಿದ್ದ ಕೆಲಸ ಅದು. ಸುಮ್ಮನೆ ಕೂತು ಮಾಡಿದಳು!