ಕಪ್ಪೆಯ ಮನೆಗೆ ಕೆರೆ ಮಣ್ಣು

ಹಟ ಎನ್ನುವುದು ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆಯ ಹಾಗೆ. ನಲವತ್ತು ದಾಟಿದ ಮೇಲೆ ತಾನಾಗಿ ಬರುತ್ತದೆ. ನಮ್ಮಪ್ಪ ಅದನ್ನು ಬಾವಿ ತೋಡುವುದರಲ್ಲಿ ತೀರಿಸಿಕೊಂಡರು. ನಾನು ಮುಳಬಾಗಿಲಿನ ಕಚೇರಿಯೊಂದರಲ್ಲಿ ಗುಮಾಸ್ತ. ತೋಡಲು ಏನೂ ಸಿಗದೆ ಒಂದು ಕಪ್ಪೆಯ ಮೇಲೆ ತೀರಿಸಿಕೊಂಡೆ.

ದೇವರಾಯಸಮುದ್ರದಲ್ಲಿರುವ ನಮ್ಮಕ್ಕ ಕಳಿಸಿದ ನುಗ್ಗೆಸೊಪ್ಪಿನ ಚೀಲ ಬಿಚ್ಚಿದಾಗ, ಹೆಬ್ಬೆರಳ ಗಾತ್ರದ ಮರಗಪ್ಪೆಯೊಂದು ಹಿಂಗಾಲು ಎಳೆದುಕೊಂಡು ಹೊರಬಂತು. ಅಂಗಳಕ್ಕೆ ಬಿಟ್ಟರೆ ಪಕ್ಕದ ಮನೆ ಬೆಕ್ಕಿಗೆ ಒಂದೇ ತುತ್ತು. ಅಟ್ಟದಿಂದ ಮೀನು ಸಾಕುತ್ತಿದ್ದ ಹಳೆಯ ಗಾಜಿನ ತೊಟ್ಟಿ ಇಳಿಸಿದೆ. ನನ್ನ ಹೆಂಡತಿ ರತ್ನ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸಾಕ್ಕೊಳ್ಳಿ. ಆದ್ರೆ ಹಾಲ್‌ನಲ್ಲಿ ವಾಸನೆ ಬಂತೋ, ಅವತ್ತೇ ಕಪ್ಪೆ ಹೊರಗೆ" ಎಂದಳು.

ಕಪ್ಪೆಗೆ ತೊಟ್ಟಿಯೊಳಗೇ ತೋಟ ಮಾಡುವ ವಿಧಾನ ಫೋನಿನಲ್ಲಿತ್ತು. ತಳದಲ್ಲಿ ನೀರು ಇಳಿಯಲು ಕಲ್ಲು, ಅದರ ಮೇಲೆ ಮಣ್ಣು ಜಾರದಂತೆ ಒಂದು ಜಾಲರಿ, ಮೇಲೆ ಹಗುರವಾದ ಮಣ್ಣು, ಆಮೇಲೆ ಗಿಡ. ಜಾಲರಿ ದಂಡದ ಕೆಲಸ ಎನಿಸಿ ಬಿಟ್ಟೆ. ಇನ್ನು ಮಣ್ಣು. ನಾವು ಕೋಲಾರ ಸೀಮೆಯವರು, ಬತ್ತಿದ ಕೆರೆಯ ಹೂಳನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಸಿ ರಾಗಿ ಬೆಳೆದವರು. ಅದಕ್ಕಿಂತ ಒಳ್ಳೆಯ ಮಣ್ಣಿದೆ ಎಂದು ಅಂಗೈಯಗಲದ ಫೋನ್ ಹೇಳಿದರೆ ನಂಬಬೇಕೇ? ಅರ್ಧ ಮೂಟೆ ಕೆರೆ ಮಣ್ಣು ತಂದು, ಒಂದು ಹಿಡಿ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ, ತೊಟ್ಟಿಯಲ್ಲಿ ಕಲ್ಲಿನ ಮೇಲೆ ಸುರಿದು ಒಂದು ಮನಿಪ್ಲಾಂಟ್ ನೆಟ್ಟೆ.

ವಾರದೊಳಗೆ ಹೂಳು ಕಲ್ಲುಗಳ ಸಂದಿಗೆ ಇಳಿದು ಕೂತಿತು, ನೀರು ಮೇಲೆ ಬಂತು, ಮನಿಪ್ಲಾಂಟ್ ಹಳದಿಯಾಯಿತು. ವಾಸನೆ ಹಾಲ್ ದಾಟಿ ದೇವರಮನೆಗೂ ಹೋಯಿತು. ಕಪ್ಪೆಯನ್ನು ಬಕೆಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದೆ. ಮಣ್ಣಿನ ಮೇಲೆ ಅನುಮಾನ ಬರಲಿಲ್ಲ, ಕಲ್ಲಿನ ಮೇಲೆ ಬಂತು. ಬೈಕ್ ಹತ್ತಿ ಕಲ್ಲುಕುಟಿಗರ ಊರಾದ ಶಿವಾರಪಟ್ಟಣಕ್ಕೇ ಹೋದೆ. ವಿಗ್ರಹ ಕೆತ್ತುತ್ತಿದ್ದ ಮುದುಕರೊಬ್ಬರು ಕಲ್ಲಿನ ಚಕ್ಕೆಗಳನ್ನು ಚೀಲಕ್ಕೆ ತುಂಬುತ್ತಾ, "ಯಾವ ದೇವರಿಗೆ ಸ್ವಾಮಿ?" ಎಂದರು. ಕಪ್ಪೆಗೆ ಎಂದೆ. ಅವರು ಚೀಲದ ಬಾಯಿ ಕಟ್ಟಿ ಕೊಡುತ್ತಾ, "ತೊಳ್ದು ಹಾಕಿ, ಪುಡಿ ಗಟ್ಟಿಯಾಗುತ್ತೆ" ಎಂದರು. ನಾನು ತೊಳೆಯಲಿಲ್ಲ. ಕಲ್ಲಿನ ಪುಡಿ, ಕೆರೆ ಮಣ್ಣು ಎರಡೂ ಕೂಡಿ ಗಾರೆಯಾದವು. ಕಪ್ಪೆ ಮತ್ತೆ ಬಕೆಟ್ಟಿಗೆ ಹೋಯಿತು. "ಇನ್ನೊಂದೇ ಸಲ, ಆಮೇಲೆ ಬೆಕ್ಕುಂಟು, ಅದುಂಟು" ಎಂದಳು ರತ್ನ. ನನಗೆ ನಿಜವಾಗಿ ಭಯವಾಯಿತು.

ಆ ಭಾನುವಾರ ಅಕ್ಕ ಬಂದಳು, ತೊಟ್ಟಿ ನೋಡಿದಳು. ಅಕ್ಕನಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತದೆ. "ಒರೇ, ಬುದ್ಧಿ ಉಂದಾ ನೀಕು? ಕೆರೆ ಮಣ್ಣು ನೀರು ಹಿಡ್ಕೊಳ್ಳುತ್ತೆ ಅಂತ್ಲೇ ಅಲ್ವೇನೋ ಹೊಲಕ್ಕೆ ಹೊಡೆಯೋದು? ನೀರು ಬಿಡಬೇಕಾದ ಕಡೆ ತಂದು ಸುರ್ದಿದ್ದೀಯ!" ಇಷ್ಟು ಸಣ್ಣ ಮಾತು ಮೂರು ತಲೆಮಾರು ಒಕ್ಕಲುತನ ಮಾಡಿದ ಮನೆಯ ಮಗನಿಗೆ ಹೊಳೆದಿರಲಿಲ್ಲ.

ಅಕ್ಕ ರೇಷ್ಮೆ ಹುಳು ಸಾಕುವವಳು. ಮಾರನೆಯ ದಿನವೇ ಹುಳುಗಳಿಗೆ ಹಾಸುವ ಸಣ್ಣ ಕಣ್ಣಿನ ಬಲೆಯೊಂದನ್ನು ಕಳಿಸಿ, ಫೋನಿನಲ್ಲಿ ಪಾಠ ಹೇಳಿದಳು. "ಬಲೆ ಹಾಸಿ ಮೇಲೆ ಸೊಪ್ಪು ಹಾಕಿದ್ರೆ ಹುಳ ಮೇಲಕ್ಕೆ ಬರುತ್ತೆ, ಕಸ ಕೆಳಗೇ ಉಳಿಯುತ್ತೆ. ನಿನ್ನ ತೊಟ್ಟಿಗೂ ಅದೇ ಲೆಕ್ಕ ಕಣೋ, ಮಣ್ಣು ಮೇಲೆ, ನೀರು ಕೆಳಗೆ. ಬ್ಲೀಚಿಂಗ್ ಪೌಡರ್ ಹಾಕಿದ ಬಲೆ ಅದು, ಚೆನ್ನಾಗಿ ತೊಳಿ, ಕಪ್ಪೆ ಸತ್ತೀತು." ಈ ಸಲ ಹೇಳಿದ್ದನ್ನು ಹೇಳಿದಂತೆ ಮಾಡಿದೆ. ಚಕ್ಕೆಗಳನ್ನು ನೀರು ತಿಳಿಯಾಗುವವರೆಗೆ ತೊಳೆದೆ, ಬಲೆಯನ್ನು ಬಿಸಿಲಲ್ಲಿ ಎರಡು ದಿನ ಒಣಗಿಸಿ ಮಡಿಸಿ ಹಾಸಿದೆ, ಮೇಲೆ ತೆಂಗಿನ ನಾರಿನ ಪುಡಿ, ನಾಲ್ಕು ಚೂರು ಇದ್ದಿಲು, ತರಗೆಲೆ. ನೀರು ಚಿಮುಕಿಸಿದರೆ ಸರಸರ ಇಳಿದು ಕಲ್ಲಿನ ನಡುವೆ ತಣ್ಣಗೆ ನಿಂತಿತು. ಕಪ್ಪೆ ಎಲೆಯ ಮೇಲೆ ಗಂಟಲು ಅಲುಗಿಸುತ್ತಾ ಕೂತಿತು. ನನಗೆ ಕಣ್ಣು ತುಂಬಿತು ಎಂದರೆ ನೀವು ನಗುತ್ತೀರಿ, ನಗಿ.

ರತ್ನ ದಿನಾ ಬೆಳಿಗ್ಗೆ ಮೂಗು ತೂರಿಸಿ ಪರೀಕ್ಷೆ ಮಾಡಿದಳು. ಹತ್ತನೆಯ ದಿನ ತಲೆಯೆತ್ತಿ, "ಕಪ್ಪೆ ಇಲ್ಲೇ ಇರ್ಲಿ ಬಿಡಿ" ಎಂದಳು. ನಾನು ಮೀಸೆ ಸವರಿಕೊಂಡೆ. ಅವಳು ಹೋಗುತ್ತಾ ತಿರುಗಿ ಹೇಳಿದಳು: "ಪುಣ್ಯ ಮಾಡಿತ್ತು ರೀ ಅದು. ಈ ಮನೆ ಕಟ್ಟಿಸಿದಾಗಲೂ ಮೇಸ್ತ್ರಿ ಮಾತು ಕೇಳದೆ ನೀವೇ ಅಲ್ವಾ ಬಚ್ಚಲಿಗೆ ಇಳಿಜಾರು ಬೇಡ ಅಂದಿದ್ದು? ಆರು ವರ್ಷದಿಂದ ನಾವು ಪಾದ ಮುಳುಗಿಸ್ಕೊಂಡೇ ಸ್ನಾನ ಮಾಡ್ತಿದ್ದೀವಿ."